ಕುಂಕುಮದ ಅಡಿಯಲ್ಲಿದ್ದ ಸರ್ಟಿಫಿಕೇಟು

ಕಳೆದ ವರ್ಷದ ಧನುರ್ಮಾಸ, ಎರಡನೆಯ ಶುಕ್ರವಾರ. ಬೆಳಗ್ಗಿನ ಪೂಜೆಗೆ ದೇವಸ್ಥಾನಕ್ಕೆ ಹೋಗಿ ಬಂದು ಅತ್ತೆಗೆ ಪ್ರಸಾದ ಕೊಟ್ಟರೆ ಅವರು ಬಾಯಿ ತೆರೆಯಲಿಲ್ಲ. ಎಡಗೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಜಗಲಿಯಲ್ಲಿ ಕೂತಿದ್ದರು. ಕೆಳದವಡೆಯ ಹಲ್ಲೊಂದು ನಾಲ್ಕು ದಿನದಿಂದ ನೋಯುತ್ತಿತ್ತು. ಲವಂಗ ಇಟ್ಟು ಇಟ್ಟು ಸಹಿಸಿಕೊಂಡಿದ್ದರು.

“ಇವತ್ತು ತೆಗೆಸಿಯೇ ಬಿಡುವ ವಾರಿಜ. ಸದಾನಂದನಲ್ಲಿಗೆ ಕರ್ಕೊಂಡು ಹೋಗು” ಎಂದರು.

ನಾನು ಆಗಲಿ ಎಂದೆ. ಆ “ಆಗಲಿ” ಎಂಬ ಮಾತನ್ನು ನೆನೆದರೆ ಈಗಲೂ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಮನೆ ಇರುವುದು ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯಲ್ಲಿ, ಸೀತಾಂಗೋಳಿಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. ನಮ್ಮ ಯಜಮಾನರು ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಶ್ರಾವ್ಯ ಪ್ಲಸ್ ಟು ಓದುತ್ತಾಳೆ. ಅತ್ತೆಗೆ ಎಪ್ಪತ್ತಮೂರು ವರ್ಷ. ಮೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೆವು. ಅಂದಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ತೆಗೆದುಕೊಳ್ಳಬೇಕು. ತಿಂಡಿಯಾದ ಮೇಲೆ ಆ ಮಾತ್ರೆಯನ್ನು ಅವರ ಅಂಗೈಗೆ ಹಾಕುವವಳು ನಾನೇ. ಒಂದು ದಿನವೂ ತಪ್ಪಿಸಿದ್ದಿಲ್ಲ.

ಇನ್ನು ಸದಾನಂದನ ವಿಷಯ. ಇದು ಅವನ ನಿಜವಾದ ಹೆಸರಲ್ಲ. ಬದಲಿಸಬೇಕೆಂದು ನನಗೇನೂ ಇರಲಿಲ್ಲ, ಮಗಳು ಒತ್ತಾಯ ಮಾಡಿದಳೆಂದು ಬದಲಿಸಿದ್ದೇನೆ. ಮೊದಲು ನಾನೂ “ಅವರು, ಡಾಕ್ಟ್ರು” ಎಂದೇ ಹೇಳುತ್ತಿದ್ದೆ. ಈಗ ಬಾಯಿಗೆ ಬರುವುದಿಲ್ಲ. ಅವನು ಎಂದೇ ಬರೆಯುತ್ತೇನೆ.

ನಮ್ಮ ಪೇಟೆಯಲ್ಲಿ ಅವನ ದಂತ ಚಿಕಿತ್ಸಾಲಯ ಆರು ವರ್ಷದಿಂದ ಇತ್ತು. ಬೋರ್ಡಿನಲ್ಲಿ ಮೂರು ಭಾಷೆ, ಎಲ್ಲದಕ್ಕಿಂತ ಮೇಲೆ ಕನ್ನಡ. ನಮ್ಮಂಥವರಿಗೆ ಅಷ್ಟೇ ಸಾಕಾಯಿತು. ಇಲ್ಲಿ ಯಾವ ಆಸ್ಪತ್ರೆಗೆ ಹೋದರೂ ಚೀಟಿ ಕೊಡುವಲ್ಲಿಂದ ಮದ್ದು ಕೊಡುವಲ್ಲಿವರೆಗೆ ಮಲಯಾಳವೇ. ಶ್ರಾವ್ಯನಂಥ ಮಕ್ಕಳಿಗೆ ತೊಂದರೆಯಿಲ್ಲ, ಅವರು ಶಾಲೆಯಲ್ಲಿ ಕಲಿಯುತ್ತಾರೆ. ಅತ್ತೆಗೆ ಬರುವುದು ತುಳು ಮತ್ತು ಕನ್ನಡ. ನೋವು ಎಲ್ಲಿ ಎಂದು ಬೆರಳಿನಿಂದ ತೋರಿಸಬಹುದು, ಎಂಥ ನೋವು ಎಂದು ಹೇಳಲು ಭಾಷೆ ಬೇಕಲ್ಲ. ಸದಾನಂದ ಅವರೊಡನೆ ತುಳುವಿನಲ್ಲೇ ಮಾತಾಡುತ್ತಿದ್ದ. ಪ್ರತಿ ಶನಿವಾರ ನಮ್ಮ ಭಜನಾ ಮಂದಿರಕ್ಕೆ ಬಂದು ಹಾರ್ಮೋನಿಯಂ ನುಡಿಸುತ್ತಿದ್ದ. ಅವನು ಮಾಡಿಕೊಡುವ ಹಲ್ಲಿನ ಸೆಟ್ಟು ಕೂಡ ಒಳ್ಳೆಯದೇ. ಅದರಲ್ಲಿ ಸುಳ್ಳು ಹೇಳಬಾರದು. ನಮ್ಮ ಪಕ್ಕದ ಮನೆಯ ಲೀಲಕ್ಕ ಅವನು ಮಾಡಿದ ಸೆಟ್ಟು ಹಾಕಿಕೊಂಡು ಚಕ್ಕುಲಿ ಜಗಿಯುತ್ತಾರೆ. ಸದಾನಂದ ಡಾಕ್ಟ್ರ ಕೈಗುಣ ಒಳ್ಳೆಯದು ಎಂದು ಊರೇ ಹೇಳುತ್ತಿತ್ತು. ನಾನೂ ಹತ್ತಾರು ಜನರಿಗೆ ಹೇಳಿದ್ದೇನೆ.

ಪ್ರತಿ ವರ್ಷ ಆಯುಧಪೂಜೆಯ ದಿನ ಮಂದಿರದ ನಾವು ನಾಲ್ಕೈದು ಹೆಂಗಸರು ಅವನ ಕ್ಲಿನಿಕ್ಕಿಗೆ ಹೋಗಿ ಪೂಜೆಗೆ ಅಣಿ ಮಾಡಿಕೊಡುತ್ತಿದ್ದೆವು. ಅವನ ಹೆಂಡತಿ ದೂರದ ಊರಿನಲ್ಲಿದ್ದಳು, ಇಲ್ಲಿ ಮಾಡಿಕೊಡುವವರು ಯಾರೂ ಇರಲಿಲ್ಲ. ನೆಲ ಒರೆಸಿ, ರಂಗೋಲಿ ಹಾಕಿ, ರೋಗಿಗಳು ಕೂರುವ ಕುರ್ಚಿಗೆ, ಇಕ್ಕಳಗಳಿಗೆ, ಎಲ್ಲದಕ್ಕೂ ಗಂಧ ಕುಂಕುಮ ಹಚ್ಚುವ ಕೆಲಸ ನನ್ನದು. ಗೋಡೆಯಲ್ಲಿ ದೇವರ ಫೋಟೋದ ಪಕ್ಕದಲ್ಲೇ ಅವನ ಸರ್ಟಿಫಿಕೇಟು ಗಾಜಿನ ಚೌಕಟ್ಟಿನಲ್ಲಿತ್ತು. ಮೇಲೆ ಸರಕಾರದ ಹಾಗಿನ ಮುದ್ರೆ, ಕೆಳಗೆ ಇಂಗ್ಲಿಷು. ವಿದ್ಯೆಯೂ ಆಯುಧವೇ ಅಲ್ಲವೇ ಎಂದುಕೊಂಡು ಅದಕ್ಕೂ ನಟ್ಟನಡುವೆ ದೊಡ್ಡ ಬೊಟ್ಟು ಇಟ್ಟು ಸೇವಂತಿಗೆ ಮಾಲೆ ಹಾಕಿ ಕೈಮುಗಿಯುತ್ತಿದ್ದೆ. ನಾಲ್ಕು ವರ್ಷ ಹಾಗೆ ಮಾಡಿದ್ದೇನೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ನಿಧಾನವಾಗಿಯಾದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ಆದರೆ ಕೈಮುಗಿಯುವ ವಸ್ತುವನ್ನು ಓದಿ ನೋಡಬೇಕು ಎಂದು ಯಾರಿಗೆ ತೋರುತ್ತದೆ?

ಆ ಶುಕ್ರವಾರ ಹತ್ತು ಗಂಟೆಗೆ ನಾವು ಅಲ್ಲಿದ್ದೆವು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಅವನು ಬಾಯಿ ನೋಡಿದ.

“ಇದು ಹೋಗಿದೆ ದೊಡ್ಡಮ್ಮ. ತೆಗೆದ್ರೆ ನೆಮ್ಮದಿ. ಶುಗರ್ ಉಂಟಾ?”

“ಶುಗರ್ ಇಲ್ಲ ಡಾಕ್ಟ್ರೇ” ಎಂದು ನಾನೇ ಹೇಳಿದೆ. “ಹಾರ್ಟಿನದ್ದು ಮಾತ್ರೆ ಉಂಟು. ರಕ್ತದ್ದು. ಚೀಟಿ ತಂದಿದ್ದೇನೆ, ತೋರಿಸ್ಲಾ?”

“ಹಾರ್ಟು ಎಲ್ಲಿ, ಹಲ್ಲು ಎಲ್ಲಿ ವಾರಿಜಕ್ಕ? ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದು ನಕ್ಕ. ಅತ್ತೆಯೂ ನಕ್ಕರು. ಬ್ಯಾಗಿನಿಂದ ಅರ್ಧ ತೆಗೆದಿದ್ದ ಚೀಟಿಯನ್ನು ನಾನು ಪುನಃ ಒಳಗೆ ಹಾಕಿದೆ.

ಸೂಜಿ ಚುಚ್ಚಿದ. ತೆಗೆಯಲು ತುಂಬಾ ಹೊತ್ತು ಹಿಡಿಯಿತು. ಒಮ್ಮೆ ಟಕ್ ಎಂದು ಏನೋ ಮುರಿದ ಶಬ್ದ ನನಗೆ ಸ್ಪಷ್ಟ ಕೇಳಿಸಿತು. ಅತ್ತೆ ನನ್ನ ಕೈ ಹಿಡಿದುಕೊಂಡ ಜಾಗದಲ್ಲಿ ಅವರ ಉಗುರಿನ ಗುರುತು ಬಿತ್ತು. ಕೊನೆಗೆ ಹತ್ತಿ ಕಚ್ಚಿಸಿ, ಒಂದು ಬಿಳಿ ಕಾಗದದಲ್ಲಿ ನೋವಿನ ಮಾತ್ರೆ ಬರೆದುಕೊಟ್ಟ. “ಐಸ್‌ಕ್ರೀಂ ಕೊಡಿ, ಸರಿ ಆಗ್ತದೆ” ಎಂದ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಲ ಹತ್ತಿ ಬದಲಿಸಿದ್ದೆ. ರಕ್ತ ನಿಲ್ಲಲಿಲ್ಲ. ಅವನಿಗೆ ಫೋನ್ ಮಾಡಿದೆ. “ಸ್ವಲ್ಪ ಬರ್ತದೆ ಅಕ್ಕ, ಉಪ್ಪು ನೀರು ಬಾಯಿ ಮುಕ್ಕಳಿಸ್ಲಿಕ್ಕೆ ಹೇಳಿ” ಎಂದ. ಮುಕ್ಕಳಿಸಿದರು. ಮುಕ್ಕಳಿಸಿದಷ್ಟೂ ಜಾಸ್ತಿಯಾಯಿತು. ಎರಡೂವರೆಗೆ ಪುನಃ ಫೋನ್ ಮಾಡಿದೆ. “ಹೆದರ್ಬೇಡಿ ಮಾರಾಯ್ರೆ, ನೀವು ಹೆದರಿದ್ರೆ ದೊಡ್ಡಮ್ಮನ ಪ್ರೆಷರ್ ಏರ್ತದೆ” ಎಂದ. ಮೂರು ಗಂಟೆಗೆ ಮಾಡಿದಾಗ ತೆಗೆಯಲಿಲ್ಲ.

ಅತ್ತೆಯ ಮುಂದೆ ಇಟ್ಟಿದ್ದ ಸ್ಟೀಲಿನ ಬಟ್ಟಲನ್ನು ನಾನು ಅಷ್ಟು ಹೊತ್ತಿಗೆ ಮೂರು ಸಲ ಚೆಲ್ಲಿ ತೊಳೆದು ತಂದಿದ್ದೆ. ಅವರ ತುಟಿ ಬೆಳ್ಳಗಾಗಿತ್ತು. “ತಲೆ ತಿರುಗ್ತದೆ ವಾರಿಜ, ಸ್ವಲ್ಪ ಮಲಗ್ತೇನೆ” ಎಂದು ಗೋಡೆಗೆ ಒರಗಿದರು. ಮಲಗಿಸಲು ನನಗೆ ಧೈರ್ಯ ಬರಲಿಲ್ಲ. ಮಲಗಿದರೆ ಏಳುತ್ತಾರೋ ಇಲ್ಲವೋ ಎಂದು ಅನಿಸಿತು. ಯಜಮಾನರು ಕೆಲಸದಲ್ಲಿ, ಫೋನು ಹೊರಗೆ ಇಡಬೇಕಾದ ಜಾಗ. ದೇವರ ಕೋಣೆಯ ಬಾಗಿಲಲ್ಲಿ ನಿಂತು, “ಈ ಒಂದು ದಿನ ದಾಟಿಸು” ಎಂದೆ. ಬೇರೇನೂ ಕೇಳಲು ಪುರುಸೊತ್ತಿರಲಿಲ್ಲ.

ಆ ಹೊತ್ತಿಗೆ ಶ್ರಾವ್ಯನಿಗೆ ಪರೀಕ್ಷೆ ಬೇಗ ಮುಗಿದು ಅವಳು ಮನೆಗೆ ಬಂದಳು. ಅದೊಂದು ದೇವರ ದಯೆ. ಅವಳು ಬಂದ ರಿಕ್ಷಾ ಇನ್ನೂ ತಿರುಗಿಸಿಕೊಂಡು ಹೋಗಿರಲಿಲ್ಲ. ಅದು ಎರಡನೆಯ ದಯೆ. ಅದೇ ರಿಕ್ಷಾದಲ್ಲಿ ಅತ್ತೆಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಕಾಸರಗೋಡಿಗೆ ಹೊರಟೆವು. ದಾರಿಯುದ್ದಕ್ಕೂ ಅತ್ತೆಯ ಬಾಯಿಗೆ ನನ್ನ ಸೀರೆಯ ಸೆರಗನ್ನೇ ಒತ್ತಿ ಹಿಡಿದಿದ್ದೆ. ಆ ಸೀರೆಯನ್ನು ಆಮೇಲೆ ಉಡಲಿಲ್ಲ.

ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗದ ಲೇಡಿ ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿ ಹೊರಡುವುದರಲ್ಲಿದ್ದರು. ಅತ್ತೆಯನ್ನು ನೋಡಿ ಬ್ಯಾಗು ಕೆಳಗಿಟ್ಟರು. ಮೂವತ್ತು ದಾಟಿರಲಿಕ್ಕಿಲ್ಲ. ಮಲಯಾಳದವರು, ಕನ್ನಡ ಬರುತ್ತಿರಲಿಲ್ಲ. ಶ್ರಾವ್ಯ ನಡುವೆ ನಿಂತು ಎರಡೂ ಕಡೆಗೆ ಹೇಳಿದಳು. ಅವರು ಮೊದಲು ಕೇಳಿದ್ದೇ ಮಾತ್ರೆಯ ಚೀಟಿ. ಬೆಳಗ್ಗೆ ನಾನು ಒಳಗೆ ಹಾಕಿದ್ದ ಅದೇ ಚೀಟಿ. ಓದಿ ಕೈಗೆ ಗ್ಲೌಸ್ ಹಾಕಿದರು. ಅತ್ತೆಯ ಹೃದಯದ ಬಡಿತ, ಪ್ರೆಷರ್ ಎಲ್ಲ ನೋಡಲು ಇನ್ನೊಬ್ಬ ಡಾಕ್ಟರು ಬಂದರು. ಲೇಡಿ ಡಾಕ್ಟರು ವಸಡು ಹರಿದಿದ್ದ ಕಡೆ ಮದ್ದು ತುಂಬಿ ಹೊಲಿಗೆ ಹಾಕಿ, ಅರ್ಧ ಗಂಟೆ ಪಕ್ಕದಲ್ಲೇ ಕೂತು ಕಾದರು. ರಕ್ತ ನಿಂತಿತು.

ಆಮೇಲೆ ಎಕ್ಸ್‌ರೇ ತೋರಿಸಿದರು. ಹಲ್ಲಿನ ಬೇರು ಅರ್ಧ ಮುರಿದು ದವಡೆಯೊಳಗೇ ಉಳಿದಿತ್ತು.

“ಇದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕೀವು ಆಗ್ತದೆ. ಸ್ಟೆಂಟ್ ಹಾಕಿದವರಿಗೆ ಕೀವು ಆಗಬಾರದು. ಈಗ ಬೇಡ, ವಸಡು ಒಣಗಲಿ” ಎಂದದ್ದನ್ನು ಶ್ರಾವ್ಯ ಕನ್ನಡದಲ್ಲಿ ಹೇಳಿದಳು. “ಮಾತ್ರೆ ನಿಲ್ಲಿಸಬೇಡಿ ಅಂತೆ ಅಮ್ಮ. ಮಾತ್ರೆಯದ್ದು ತಪ್ಪಲ್ಲ ಅಂತೆ. ಗೊತ್ತಿದ್ದವರಾದ್ರೆ ಆಗಲೇ ಹೊಲಿಗೆ ಹಾಕಿಯೇ ಕಳಿಸ್ತಿದ್ರು ಅಂತೆ.”

ಡಾಕ್ಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ಹಲ್ಲು ತೆಗೆದವರ ಹೆಸರೂ ರಿಜಿಸ್ಟರ್ ನಂಬ್ರವೂ ಬೇಕು ಎಂದರು. ಸದಾನಂದ ಬರೆದ ಬಿಳಿ ಕಾಗದ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಮ್ಮ ಚೀಟಿಯನ್ನು ಅದರ ಪಕ್ಕದಲ್ಲಿಟ್ಟರು. ಅವರದ್ದರಲ್ಲಿ ಹೆಸರು, ಓದಿದ ಓದು, ಅದರ ಕೆಳಗೆ ಒಂದು ನಂಬ್ರ ಇತ್ತು. ಇವನದ್ದರಲ್ಲಿ ಮಾತ್ರೆಯ ಹೆಸರು ಬಿಟ್ಟರೆ ಏನೂ ಇರಲಿಲ್ಲ.

“ನಂಬ್ರ ಅವರ ಗೋಡೆಯಲ್ಲಿ ಉಂಟು. ದೊಡ್ಡ ಸರ್ಟಿಫಿಕೇಟು ಉಂಟು, ನಾನು ನೋಡಿದ್ದೇನೆ” ಎಂದೆ ನಾನು. ಆಗಲೂ ಅವನ ಪರವಾಗಿಯೇ ಮಾತಾಡಿದೆ.

“ಹಾಗಾದ್ರೆ ಅದನ್ನು ಓದಿಕೊಂಡು ಬನ್ನಿ” ಎಂದರು ಡಾಕ್ಟರು.

ಸೋಮವಾರ ಶ್ರಾವ್ಯನನ್ನು ಕರೆದುಕೊಂಡು ಹೋದೆ. ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡ ಒಬ್ಬಳು ಬ್ಯಾರಿ ಹೆಂಗಸು ಮತ್ತು ಅವಳ ತಾಯಿ ಕಾಯುತ್ತಿದ್ದರು. ಸದಾನಂದ ಒಳಗಿನಿಂದಲೇ, “ಬನ್ನಿ ವಾರಿಜಕ್ಕ, ದೊಡ್ಡಮ್ಮ ಹೇಗಿದ್ದಾರೆ? ಆವತ್ತು ಫೋನು ಸೈಲೆಂಟಿನಲ್ಲಿತ್ತು” ಎಂದ. ನಾನು ನೇರ ಗೋಡೆಯ ಹತ್ತಿರ ಹೋದೆ.

ಒಣಗಿದ ಮಾಲೆ ಇನ್ನೂ ನೇತಾಡುತ್ತಿತ್ತು. ತೆಗೆದು ಕೆಳಗಿಟ್ಟೆ. ಗಾಜಿನ ನಟ್ಟನಡುವೆ ನಾನೇ ಇಟ್ಟ ಗಂಧ, ಅದರ ಮೇಲೆ ಕುಂಕುಮ, ನಾಲ್ಕು ವರ್ಷದ್ದು ಒಂದರ ಮೇಲೊಂದು ಗಟ್ಟಿಯಾಗಿ ಅಂಟಿತ್ತು. ಸೆರಗಿನ ತುದಿಗೆ ಬಾಟಲಿಯ ನೀರು ಹಾಕಿ ಒರೆಸಿದೆ. ಮೊದಲು ಕೆಂಪಾಗಿ ಹರಡಿತು. ಇನ್ನೊಮ್ಮೆ ಒರೆಸಿದೆ.

ಶ್ರಾವ್ಯ ಹತ್ತಿರ ಬಂದು ಓದಿದಳು. ಎರಡು ಸಲ ಓದಿದಳು.

“ಅಮ್ಮ, ಇದು ಡಾಕ್ಟ್ರದ್ದಲ್ಲ.”

“ಮತ್ತೆ ಯಾರದ್ದು? ಹೆಸರು ಬೇರೆ ಉಂಟಾ?”

“ಹೆಸರು ಇವರದ್ದೇ. ಡೆಂಟಲ್ ಮೆಕ್ಯಾನಿಕ್ ಅಂತ ಉಂಟು. ಸೆಟ್ಟು ಮಾಡುವವರು. ಡಾಕ್ಟ್ರು ಅಳತೆ ತೆಗೆದು ಕೊಟ್ಟದ್ದಕ್ಕೆ ಹಲ್ಲು ಮಾಡಿ ಕೊಡುವ ಕೆಲಸ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಸುಳ್ಳು ಸರ್ಟಿಫಿಕೇಟು ಇರಬಹುದು ಎಂದು ಮೂರು ದಿನ ಯೋಚಿಸಿದ್ದೆ. ಸತ್ಯವಾದ ಸರ್ಟಿಫಿಕೇಟು ಇದ್ದೂ ಹೀಗೆ ಆಗಬಹುದು ಎಂದು ಯೋಚಿಸಿರಲಿಲ್ಲ.

“ನೀವು ಡಾಕ್ಟ್ರಲ್ವಾ?” ಎಂದು ಕೇಳಿದೆ.

ಅವನು ಕೈಯಲ್ಲಿದ್ದ ಹಲ್ಲಿನ ಅಚ್ಚನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. “ನಾನು ಯಾವತ್ತಾದ್ರೂ ಡಾಕ್ಟ್ರು ಅಂತ ಹೇಳಿದ್ದೇನಾ ಅಕ್ಕ? ನೀವೇ ಕರೆದದ್ದು. ಇಪ್ಪತ್ತು ವರ್ಷ ಮಂಗಳೂರಿನಲ್ಲಿ ದೊಡ್ಡ ದೊಡ್ಡ ಡಾಕ್ಟ್ರ ಜೊತೆ ಕೆಲಸ ಮಾಡಿದ್ದೇನೆ. ಅವರು ಹಲ್ಲು ತೆಗೆಯುವುದು ಎಷ್ಟು ನೋಡಿಲ್ಲ ನಾನು.”

“ನೋಡಿದ್ರೆ ಆಯ್ತಾ?”

“ನಾನು ಎಂತ ಮುಚ್ಚಿಟ್ಟಿದ್ದೇನೆ? ಎಲ್ಲರಿಗೂ ಕಾಣುವ ಹಾಗೆ ಗೋಡೆಯಲ್ಲಿ ಹಾಕಿದ್ದೇನೆ. ನೀವು ಓದಲಿಲ್ಲ. ಅದರ ಮೇಲೆ ಕುಂಕುಮ ಇಟ್ಟದ್ದು ಯಾರು? ನಾನಾ?”

ಅವನು ದನಿ ಏರಿಸಲಿಲ್ಲ. ಸೆಟ್ಟು ಸಡಿಲವಾಯಿತೆಂದು ಬಂದವರಿಗೆ ಸಮಾಧಾನ ಹೇಳುವ ಅದೇ ದನಿ. ನನ್ನ ಕೈಯಲ್ಲಿ ಕೆಂಪಾದ ಸೆರಗು ಇತ್ತು. ನನ್ನ ಐವತ್ತೊಂದು ವರ್ಷದಲ್ಲಿ ಅಂಥ ಸಿಟ್ಟು ನನಗೆ ಬಂದದ್ದಿಲ್ಲ. ಅವನು ಹೇಳಿದ್ದರಲ್ಲಿ ಒಂದಂಶ ನಿಜ ಇತ್ತು. ಅದಕ್ಕೇ ಆ ಸಿಟ್ಟು.

“ಹೌದು, ನಾನೇ ಇಟ್ಟದ್ದು” ಎಂದೆ. “ನಾನು ಬೊಟ್ಟಿಡುವಾಗ ನೀನು ಪಕ್ಕದಲ್ಲೇ ನಿಂತಿದ್ದಿ. ‘ಅಕ್ಕ, ಅಲ್ಲಿ ಬೇಡ, ಬದಿಗೆ ಇಡಿ’ ಅಂತ ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ. ನಾಲ್ಕು ವರ್ಷ ಒರೆಸಲೂ ಇಲ್ಲ. ಮುಚ್ಚಿದ್ದು ನಾನಾದ್ರೆ, ಮುಚ್ಚಿದ್ದು ಒಳ್ಳೆದಾಯ್ತು ಅಂತ ಕೂತದ್ದು ನೀನು.”

ಅವನು ಮೇಜಿನ ಮೇಲಿನ ಅಚ್ಚನ್ನು ಪುನಃ ಕೈಗೆತ್ತಿಕೊಂಡ. ಶ್ರಾವ್ಯ ಅಷ್ಟರಲ್ಲಿ ಸರ್ಟಿಫಿಕೇಟಿನ ಫೋಟೋ ತೆಗೆದುಕೊಂಡಿದ್ದಳು. ಹೊರಗೆ ಬಂದು ಬೆಂಚಿನಲ್ಲಿದ್ದ ತಾಯಿ ಮಗಳಿಗೆ ಹೇಳಿದೆ, ಇವನು ಡಾಕ್ಟ್ರಲ್ಲ, ನಮ್ಮ ಅತ್ತೆಗೆ ಹೀಗೆ ಹೀಗೆ ಆಯಿತು, ಎದ್ದು ಕಾಸರಗೋಡಿಗೆ ಹೋಗಿ ಎಂದು. ಮಗಳು ಗಾಬರಿಯಿಂದ ಎದ್ದಳು. ತಾಯಿ ಅವಳ ಕೈ ಹಿಡಿದು ಪುನಃ ಕೂರಿಸಿದಳು.

“ಇವರ ಕೈಗುಣ ಒಳ್ಳೆದುಂಟಕ್ಕ. ನನ್ನದು ಮೂರು ಹಲ್ಲು ಇವರೇ ತೆಗೆದದ್ದು, ಎಂತ ಆಗಿಲ್ಲ” ಎಂದಳು. ಆ ಮಾತನ್ನು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಅವಳಿಗೆ ನಾನೇನು ಹೇಳಲಿ?

ಅದೇ ಸಂಜೆ ಮಂದಿರದ ಅಧ್ಯಕ್ಷರಾದ ಮಾಸ್ಟ್ರು ಮನೆಗೆ ಬಂದರು. ನಿವೃತ್ತರಾದ ಕನ್ನಡ ಶಾಲೆಯ ಮಾಸ್ಟ್ರು, ನನಗೂ ಪಾಠ ಹೇಳಿದವರು. ಯಜಮಾನರೂ ಮನೆಯಲ್ಲಿದ್ದರು. ಚಹಾ ಕುಡಿದು ಮಾಸ್ಟ್ರು ವಿಷಯಕ್ಕೆ ಬಂದರು.

“ವಾರಿಜ, ತಪ್ಪಾಗಿದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ದೇವರ ದಯೆಯಿಂದ ಅತ್ತೆ ಉಳಿದ್ರಲ್ಲ. ಇನ್ನು ಕಂಪ್ಲೇಂಟು ಗಿಂಪ್ಲೇಂಟು ಬೇಡ. ನಮ್ಮ ಭಾಷೆಯವ ಅಂತ ಪೇಟೆಯಲ್ಲಿ ಇರುವುದು ಅವನೊಬ್ಬ. ಅವನೂ ಹೋದ್ರೆ ನಮ್ಮ ಪ್ರಾಯದವರು ಎಲ್ಲಿಗೆ ಹೋಗುವುದು, ಹೇಳು.”

“ಮಾಸ್ಟ್ರೇ, ಉಳಿಸಿದ್ದು ಮಲಯಾಳದ ಹುಡುಗಿ. ಅವಳಿಗೆ ನಮ್ಮ ಭಾಷೆ ಒಂದಕ್ಷರ ಬರುವುದಿಲ್ಲ.”

“ಅದು ಬೇರೆ ವಿಷಯ ಮಾರಾಯ್ತಿ.”

“ಬೇರೆ ಅಲ್ಲ. ಅದೇ ವಿಷಯ. ನೀವು ಒಮ್ಮೆ ಒಳಗೆ ಬನ್ನಿ, ಅತ್ತೆಯ ಮುಖ ನೋಡಿ ಈ ಮಾತು ಹೇಳಿ.”

ಮಾಸ್ಟ್ರು ಒಳಗೆ ಬಂದರು. ಅತ್ತೆಯ ಎಡಗೆನ್ನೆ ಕಿವಿಯಿಂದ ಕುತ್ತಿಗೆಯವರೆಗೆ ನೀಲಿಗಟ್ಟಿತ್ತು. ಬೆರಳಷ್ಟು ಬಾಯಿ ತೆರೆದು ಚಮಚದಲ್ಲಿ ಗಂಜಿತಿಳಿ ಕುಡಿಯುತ್ತಿದ್ದರು. ಮಾಸ್ಟ್ರು “ಜಾಗ್ರತೆ” ಎಂದಷ್ಟೇ ಹೇಳಿ ಹೋದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಆ “ಇನ್ನು ಬೇಡ” ಎಂದದ್ದನ್ನು ನಾನು ಮರೆತಿಲ್ಲ.

ಯಜಮಾನರೂ ಮೊದಲು ಹಿಂದೇಟು ಹಾಕಿದರು. “ನಿನ್ನ ಹೆಸರು ಪೇಪರಿನಲ್ಲೆಲ್ಲ ಬರುವುದು ಬೇಡ” ಎಂದರು. ಹೆಸರು ಬರಲಿ ಎಂದೆ. ಮರುದಿನ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಬಂದರು. ಅದೂ ಒಂದು ದಯೆಯೇ.

ದೂರನ್ನು ನಾನೇ ಬರೆದೆ, ಕನ್ನಡದಲ್ಲಿ, ಎರಡು ಪುಟ. ಯಾವ ಹೊತ್ತಿಗೆ ಫೋನ್ ಮಾಡಿದೆ, ಅವನು ಏನೆಂದ, ಎಷ್ಟು ಸಲ ಬಟ್ಟಲು ತೊಳೆದೆ, ಎಲ್ಲ. ಎಕ್ಸ್‌ರೇಯ ಪ್ರತಿ, ಬಿಳಿ ಚೀಟಿ, ಒರೆಸಿದ ಸರ್ಟಿಫಿಕೇಟಿನ ಫೋಟೋ ಜೊತೆಗಿಟ್ಟೆ. ಆರೋಗ್ಯ ಇಲಾಖೆಯ ಕಚೇರಿಯ ಕಿಟಿಕಿಯಲ್ಲಿದ್ದವರು ಮೇಲಿನ ಸಾಲು ನೋಡಿ, ಮಲಯಾಳದಲ್ಲಿ ಬರೆದು ತಂದರೆ ಬೇಗ ಆಗುತ್ತದೆ ಎಂದರು. ನಾನು, “ನಮ್ಮಲ್ಲಿ ಕನ್ನಡದಲ್ಲಿ ಅರ್ಜಿ ಕೊಡಬಹುದು ಅಂತ ಉಂಟಲ್ಲ ಸಾರ್. ಬೇಗ ಆಗುವುದು ಬೇಡ, ಸರಿಯಾಗಿ ಆಗಲಿ” ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಸೀಲು ಹೊಡೆದು ರಶೀದಿ ಕೊಟ್ಟರು.

ಅಧಿಕಾರಿಗಳು ಬಂದರು, ಇಕ್ಕಳ ಸೂಜಿ ಎಲ್ಲ ಪಟ್ಟಿ ಮಾಡಿಕೊಂಡು ಹೋದರು. ಕ್ಲಿನಿಕ್ಕು ಕೆಲವು ವಾರ ಮುಚ್ಚಿತ್ತು. ಈಗ ಬೋರ್ಡು ಬದಲಾಗಿದೆ, ಹಲ್ಲಿನ ಸೆಟ್ಟು ಮಾಡಿಕೊಡಲಾಗುವುದು ಎಂದಷ್ಟೇ ಇದೆ. ನಾವು ಕೊಟ್ಟ ದೂರು ಇನ್ನೂ ನಡೆಯುತ್ತಾ ಇದೆ ಎನ್ನುತ್ತಾರೆ. ಮಂದಿರಕ್ಕೂ ಅವನು ಬರುತ್ತಾನೆ. ಕೆಲವರು ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಲೀಲಕ್ಕ ಮಾತ್ರ ಒಂದು ದಿನ ಬೇಲಿಯ ಹತ್ತಿರ ನಿಂತು, “ನೀನು ಮಾಡಿದ್ದು ಸರಿ ಮಾರಾಯ್ತಿ. ಆದ್ರೆ ಸೆಟ್ಟು ಸಡಿಲ ಆದ್ರೆ ನಾನು ಅವನಲ್ಲಿಗೇ ಹೋಗ್ತೇನೆ, ಬೇಜಾರು ಮಾಡ್ಬೇಡ” ಎಂದರು. ಸೆಟ್ಟಿಗೆ ಹೋಗಲಿ. ಅದು ಅವನು ಕಲಿತ ಕೆಲಸ. ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ.

ಇವೆಲ್ಲದರ ನಡುವೆ ಅತ್ತೆಯ ದವಡೆಯಲ್ಲಿ ಆ ಬೇರು ಹಾಗೆಯೇ ಇತ್ತು. ಹದಿನೈದು ದಿನ ಬಿಟ್ಟು ಬನ್ನಿ ಎಂದಿದ್ದರು. ಅತ್ತೆ ಒಪ್ಪಲಿಲ್ಲ. “ಇನ್ನು ನನ್ನ ಬಾಯಿಗೆ ಯಾರೂ ಕೈ ಹಾಕುವುದು ಬೇಡ. ಇದ್ದಷ್ಟು ದಿನ ಇರ್ತೇನೆ” ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನು ದಿನಾ ಬೆಳಗ್ಗೆ ಮಾತ್ರೆ ಕೊಡುವಾಗ ಅವರ ಕೆನ್ನೆ ಮುಟ್ಟಿ ನೋಡುತ್ತಿದ್ದೆ, ಬಿಸಿ ಇದೆಯೋ ಎಂದು. ಇಪ್ಪತ್ತನೆಯ ದಿನ ಸ್ವಲ್ಪ ಬಿಸಿ ಇತ್ತು. ಕೀವು ಶುರುವಾದರೆ ಹೃದಯಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಶ್ರಾವ್ಯ ಅಜ್ಜಿಯ ಎದುರು ಕೂತು, ಬಿಡಿಸಿ ಬಿಡಿಸಿ ಹೇಳಿದಳು. ಅತ್ತೆ ಎದ್ದು ಕೂತು, “ಬರ್ತೇನೆ. ಆದ್ರೆ ನಾನು ಒಂದು ಕೇಳ್ತೇನೆ, ನೀವು ಯಾರೂ ನಡುವೆ ಬಾಯಿ ಹಾಕಬಾರದು” ಎಂದರು.

ಅದೇ ಲೇಡಿ ಡಾಕ್ಟರು. ಮಂಗಳೂರಿನ ಹೃದಯದ ಡಾಕ್ಟರಲ್ಲಿ ಫೋನಿನಲ್ಲಿ ಮಾತಾಡಿ ಎಲ್ಲ ಸಿದ್ಧ ಮಾಡಿದ್ದರು. ಅತ್ತೆ ಕುರ್ಚಿಯಲ್ಲಿ ಕೂತರು, ಬಾಯಿ ತೆರೆಯಲಿಲ್ಲ. ಡಾಕ್ಟರ ಮುಖ ನೋಡಿ ನೇರವಾಗಿ ಕೇಳಿದರು.

“ನಿಮ್ಮ ಕಾಗದ ಎಲ್ಲಿ ಮಗಾ?”

ನನಗೆ ನೆಲ ಬಿರಿಯಬಾರದೇ ಎನಿಸಿತು. ಜೀವ ಉಳಿಸಿದವರಿಗೆ ಕೇಳುವ ಮಾತೇ ಇದು? ಶ್ರಾವ್ಯ ಒಮ್ಮೆ ನನ್ನನ್ನು ನೋಡಿ, ಮತ್ತೆ ಮಲಯಾಳದಲ್ಲಿ ಹಾಗೆಯೇ ಹೇಳಿದಳು. ಡಾಕ್ಟರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಗ್ಲೌಸ್ ತೆಗೆದು ತಮ್ಮ ಫೋನಿನಲ್ಲಿ ಹಲ್ಲಿನ ಡಾಕ್ಟರುಗಳ ಕೌನ್ಸಿಲಿನ ರಿಜಿಸ್ಟರ್ ತೆರೆದರು. ನಂಬ್ರ ಒತ್ತಿದರು. ಅವರ ಫೋಟೋ, ಹೆಸರು ಬಂತು. ಫೋನನ್ನು ಶ್ರಾವ್ಯನ ಕೈಗೆ ಕೊಟ್ಟು, ಅಜ್ಜಿಗೆ ಕೇಳುವ ಹಾಗೆ ಓದು ಎಂದರು. ಶ್ರಾವ್ಯ ಹೆಸರು ಓದಿದಳು, ತಂದೆಯ ಹೆಸರು, ಓದಿದ ಓದು, ಎಲ್ಲಿಯವರೆಗೆ ಊರ್ಜಿತ ಎಂದು ಒಂದೊಂದನ್ನೇ ಕನ್ನಡದಲ್ಲಿ ಹೇಳಿದಳು.

“ಹಲ್ಲು ತೆಗೆಯಬಹುದು ಅಂತ ಉಂಟಾ ಅದರಲ್ಲಿ? ಮಾಡಿಕೊಡುವುದು ಮಾತ್ರವಾ?” ಎಂದರು ಅತ್ತೆ.

“ತೆಗೆಯಬಹುದು ಅಜ್ಜಿ. ಇವರು ಡಾಕ್ಟ್ರು.”

ಡಾಕ್ಟರು ಏನೆಂದು ವಿಚಾರಿಸಿದರು. ಶ್ರಾವ್ಯ ಹೇಳಿದಳು. ಆಗ ಅವರು ತಮಗೆ ಬರುವ ಒಂದೋ ಎರಡೋ ಕನ್ನಡ ಶಬ್ದ ಹುಡುಕಿ, “ಕೇಳಿದ್ದು ಒಳ್ಳೆದು ಅಮ್ಮ” ಎಂದರು. ಅತ್ತೆ ಕೈಮುಗಿಯಲಿಲ್ಲ. ತಲೆ ಹಿಂದಕ್ಕೆ ಒರಗಿಸಿ ಬಾಯಿ ತೆರೆದರು.

ಇಪ್ಪತ್ತು ನಿಮಿಷದಲ್ಲಿ ಬೇರು ಹೊರಗೆ ಬಂತು. ಎರಡು ಹೊಲಿಗೆ ಹಾಕಿದರು. ರಕ್ತ ನಿಂತದ್ದನ್ನು ನೋಡಿಯೇ ಕಳಿಸಿದರು. ಅಷ್ಟು ಹೊತ್ತೂ ನಾನು ಹೊರಗಿನ ಬೆಂಚಿನಲ್ಲಿ ಕೂತು ಕಣ್ಣೀರು ಹಾಕಿದೆ. ಪಕ್ಕದಲ್ಲಿದ್ದವರು ಸಮಾಧಾನ ಹೇಳಿದರು, ಅಮ್ಮನಿಗೆ ಏನೂ ಆಗುವುದಿಲ್ಲ ಎಂದರು. ನಾನು ಅತ್ತದ್ದು ಭಯಕ್ಕಲ್ಲ, ಸಿಟ್ಟಿಗೆ. ನಂಬ್ರ ಒತ್ತಿ ಓದುವುದಕ್ಕೆ ಹಿಡಿದದ್ದು ಎರಡು ನಿಮಿಷ. ಅಕ್ಷರ ಓದಲು ಬಾರದ ಅತ್ತೆ ಅದನ್ನು ಕೇಳಿದರು. ಓದಲು ಬರುವ ನಾನು ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಅವನಿಗೆ ಬೇಜಾರಾದೀತು ಎಂದು, ಮಂದಿರಕ್ಕೆ ಬರುವವನ ಮೇಲೆ ಸಂಶಯ ಪಡಬಾರದು ಎಂದು, ನಮ್ಮ ಮಾತು ಆಡುವವನು ನಮಗೆ ಕೆಡುಕು ಮಾಡಲಿಕ್ಕಿಲ್ಲ ಎಂದು. ಅದಕ್ಕೆಲ್ಲ ಭಕ್ತಿ, ಮರ್ಯಾದೆ ಎಂದು ಹೆಸರಿಟ್ಟಿದ್ದೆ.

ಅತ್ತೆ ಈಗ ಚೆನ್ನಾಗಿದ್ದಾರೆ. ಅನ್ನ ಉಣ್ಣುತ್ತಾರೆ, ಬಲಗಡೆಯ ಹಲ್ಲಿನಲ್ಲಿ ಹಪ್ಪಳ ಕೂಡ ಜಗಿಯುತ್ತಾರೆ. ದಿನಾ ದೀಪ ಹಚ್ಚುವಾಗ ಅದಕ್ಕಾಗಿ ನಾನು ಕೈಮುಗಿಯುತ್ತೇನೆ. ಶ್ರಾವ್ಯ ಬಂದ ರಿಕ್ಷಾಕ್ಕೆ, ಹೊರಟ ಬ್ಯಾಗನ್ನು ಕೆಳಗಿಟ್ಟ ಆ ಹುಡುಗಿಗೆ, ಎಲ್ಲದಕ್ಕೂ ಕೈಮುಗಿಯುತ್ತೇನೆ. ಸದಾನಂದನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಇಷ್ಟೆಲ್ಲ ಕೇಳುವ ನಾನು, ಅದನ್ನು ಇಳಿಸು ಎಂದು ದೇವರಲ್ಲಿ ಇಂದಿನವರೆಗೆ ಕೇಳಿಲ್ಲ.